ಮನೆಯಂಗಳದಲ್ಲಿ ಅಂತರಿಕ್ಷ: ವಿದ್ಯಾರ್ಥಿ ಚಲನಚಿತ್ರದಿಂದ ಒಂದು ವಿಜ್ಞಾನ ಪಾಠ

‘ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಕಣ್ಣು ಕಂಡುದೆಲ್ಲವೂ ಸತ್ಯವಲ್ಲ; ಕಂಡುದನ್ನು ಬುದ್ಧಿಯ ಒರೆಗಲ್ಲಿಗೆ ಹಚ್ಚಿದಾಗಲೇ ಅದು ಜ್ಞಾನವೆನಿಸುವುದು. ಚಲನಚಿತ್ರವಾದರೋ ಕಣ್ಣಿನ ಮಿತಿಯನ್ನೇ ಬುನಾದಿಯಾಗಿ ಮಾಡಿಕೊಂಡು ನಿಂತ ಕಲೆ. ಸೆಕೆಂಡಿಗೆ 24 ನಿಶ್ಚಲ ಚಿತ್ರಗಳನ್ನು ಒಂದರ ಹಿಂದೊಂದು ತೋರಿಸಿದರೆ ಕಣ್ಣು ಅದನ್ನು ಚಲನೆಯೆಂದೇ ಗ್ರಹಿಸುತ್ತದೆ. ಇಷ್ಟು ಸುಲಭವಾಗಿ ಮೋಸಹೋಗುವ ಕಣ್ಣಿಗೆ, ಯಾರೂ ಹೋಗಿ ನೋಡದ ನಕ್ಷತ್ರಲೋಕವನ್ನು ತೋರಿಸುವುದು ಅಷ್ಟೇನೂ ಕಷ್ಟವಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಕಾರ್ಯಕ್ಕೆ ಕೈಹಚ್ಚಿದ ವಿದ್ಯಾರ್ಥಿಗೆ ಬೇಗನೆ ತಿಳಿದುಬರುವ ಸಂಗತಿಯೇ ಬೇರೆ. ಬೆಳಕು, ನೆರಳು, ಭಾರ, ಕಾಲ ಇವುಗಳ ನಿಯಮಗಳನ್ನು ಅರಿಯದವನಿಗೆ ಅಂತರಿಕ್ಷವು ಒಲಿಯುವುದಿಲ್ಲ. ಅರಿತವನಿಗೆ ಅಡುಗೆಮನೆಯ ಪಾತ್ರೆಗಳೂ ಹಳೆಯ ರಟ್ಟಿನ ಪೆಟ್ಟಿಗೆಗಳೂ ಸಾಕಾಗುತ್ತವೆ.

ಈ ಮಾತಿಗೆ ಸಾಕ್ಷಿಯಾಗಿ ನಿಂತಿರುವ ಒಂದು ವಿದ್ಯಾರ್ಥಿ ಚಿತ್ರದ ವೃತ್ತಾಂತವನ್ನು ಮೊದಲು ನೋಡಿ, ಅನಂತರ ಶಾಲೆಯ ಒಂದು ಕತ್ತಲೆ ಕೋಣೆಯಲ್ಲಿ ಮಾಡಬಹುದಾದ ಪ್ರಯೋಗಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಒಂದು ವಿದ್ಯಾರ್ಥಿ ಚಿತ್ರದ ವೃತ್ತಾಂತ

1970ರ ಸುಮಾರಿಗೆ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿರುವ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಲನಚಿತ್ರ ವಿಭಾಗದಲ್ಲಿ ಜಾನ್ ಕಾರ್ಪೆಂಟರ್ ಮತ್ತು ಡ್ಯಾನ್ ಒಬ್ಯಾನನ್ ಎಂಬ ಇಬ್ಬರು ವಿದ್ಯಾರ್ಥಿಗಳು ಒಂದು ಅಂತರಿಕ್ಷ ಚಿತ್ರವನ್ನು ಆರಂಭಿಸಿದರು. ಅದರ ಹೆಸರು ‘ಡಾರ್ಕ್ ಸ್ಟಾರ್’. ದೂರದ ಗ್ರಹಗಳನ್ನು ಸ್ಫೋಟಿಸುತ್ತ ವರ್ಷಾನುಗಟ್ಟಲೆ ಅಲೆದು ಬೇಸತ್ತ ನಾಲ್ವರು ನೌಕಾಯಾತ್ರಿಕರ ವಿನೋದಮಿಶ್ರಿತ ಕಥೆ ಅದು. ಕಾರ್ಪೆಂಟರರು ನಿರ್ದೇಶಕರಾದರು. ಒಬ್ಯಾನನ್ನರು ಕಥೆಯಲ್ಲಿ ಪಾಲುಗೊಂಡುದಲ್ಲದೆ ಒಂದು ಮುಖ್ಯ ಪಾತ್ರವನ್ನು ಅಭಿನಯಿಸಿದರು, ಸಂಕಲನ ಮಾಡಿದರು, ದೃಶ್ಯಚಮತ್ಕಾರಗಳ ಹೊಣೆಯನ್ನೂ ಹೊತ್ತರು.

ಇದಕ್ಕೆ ಕೇವಲ ಎರಡು ವರ್ಷಗಳ ಹಿಂದೆ, 1968ರಲ್ಲಿ, ಸ್ಟ್ಯಾನ್ಲಿ ಕ್ಯೂಬ್ರಿಕ್ ನಿರ್ದೇಶನದ ‘2001: ಎ ಸ್ಪೇಸ್ ಒಡಿಸ್ಸಿ’ ಬಿಡುಗಡೆಯಾಗಿತ್ತು. ಆ ಚಿತ್ರಕ್ಕೆ ತಗುಲಿದ ವೆಚ್ಚ ಒಂದು ಕೋಟಿ ಡಾಲರಿಗೂ ಮಿಗಿಲು. ಯಾತ್ರಿಕರು ನೌಕೆಯೊಳಗೆ ಗೋಡೆಯ ಸುತ್ತಲೂ ನಡೆದಾಡುವಂತೆ ತೋರಿಸುವುದಕ್ಕಾಗಿ ನಿರ್ಮಿಸಿದ ತಿರುಗುವ ಬೃಹತ್ ಚಕ್ರವೊಂದಕ್ಕೇ ಸುಮಾರು ಏಳೂವರೆ ಲಕ್ಷ ಡಾಲರು ವ್ಯಯವಾಗಿತ್ತು. ‘ಡಾರ್ಕ್ ಸ್ಟಾರ್’ ಚಿತ್ರವು ವಿದ್ಯಾರ್ಥಿ ಚಿತ್ರವಾಗಿ 16 ಮಿಲಿಮೀಟರ್ ಫಿಲ್ಮಿನಲ್ಲಿ ಸಿದ್ಧಗೊಂಡಾಗ ಅದರ ವೆಚ್ಚ ಸುಮಾರು ಆರು ಸಾವಿರ ಡಾಲರು. ಮುಂದೆ ಜ್ಯಾಕ್ ಹ್ಯಾರಿಸ್ ಎಂಬ ನಿರ್ಮಾಪಕರ ನೆರವಿನಿಂದ ಹಿಗ್ಗಿ, ಚಿತ್ರಮಂದಿರಗಳಲ್ಲಿ ತೋರಿಸಲು ಯೋಗ್ಯವಾದ 35 ಮಿಲಿಮೀಟರಿನ ಪೂರ್ಣಚಿತ್ರವಾದಾಗಲೂ ಒಟ್ಟು ವೆಚ್ಚ ಸುಮಾರು ಅರವತ್ತು ಸಾವಿರ ಡಾಲರನ್ನು ಮೀರಲಿಲ್ಲ. ಅಂದರೆ ಕ್ಯೂಬ್ರಿಕರ ಆ ಒಂದು ಚಕ್ರದ ಹನ್ನೆರಡನೆಯ ಒಂದು ಪಾಲಿನಲ್ಲಿ ಇಡೀ ಚಿತ್ರವೇ ಮುಗಿಯಿತು. 1974ರ ಮಾರ್ಚ್ ತಿಂಗಳಲ್ಲಿ ಲಾಸ್ ಏಂಜಲೀಸಿನ ಚಿತ್ರೋತ್ಸವದಲ್ಲಿ ಅದು ಮೊದಲು ಪ್ರದರ್ಶನಗೊಂಡಿತು.

ಹಣದ ಕೊರತೆಯನ್ನು ಈ ತರುಣರು ನೀಗಿಕೊಂಡ ಬಗೆ ಗಮನಾರ್ಹವಾದುದು. ನೌಕೆಯ ನಿಯಂತ್ರಣಫಲಕದ ಮೇಲೆ ಸಾಲುಸಾಲಾಗಿ ಹೊಳೆಯುವ ಗುಂಡಿಗಳು ನಿಜವಾಗಿ ಮಂಜುಗಡ್ಡೆ ಹಾಕುವ ಪ್ಲಾಸ್ಟಿಕ್ ತಟ್ಟೆಗಳು. ಅವುಗಳನ್ನು ಬೋರಲು ಹಾಕಿ, ಅಡಿಯಿಂದ ದೀಪವನ್ನಿಟ್ಟು ಬೆಳಗಿಸಲಾಗಿತ್ತು. ಮೇಲಕ್ಕೂ ಕೆಳಕ್ಕೂ ಚಾಚಿದ, ನೋಡಿದರೆ ತಲೆಸುತ್ತುವ ಲಿಫ್ಟಿನ ಆಳವಾದ ಬಾವಿಯು ವಾಸ್ತವವಾಗಿ ನೆಲದ ಮೇಲೆ ಅಡ್ಡಲಾಗಿ ಮಲಗಿಸಿದ ರಚನೆ. ಅದರಲ್ಲಿ ನೇತಾಡುತ್ತಿರುವಂತೆ ಕಾಣುವ ನಟನು ನೆಲಕ್ಕೆ ಸಮಾನಾಂತರವಾಗಿ ಒರಗಿದ್ದನು. ನೌಕೆಯು ಮಹಾವೇಗವನ್ನು ತಾಳಿದಾಗ ನಕ್ಷತ್ರಗಳು ಬಿಂದುಗಳಿಂದ ಗೆರೆಗಳಾಗಿ ಚಾಚಿಕೊಳ್ಳುವ ದೃಶ್ಯಕ್ಕೆ, ಕ್ಯಾಮರಾದ ಷಟರನ್ನು ತೆರೆದಿಟ್ಟು ಕ್ಯಾಮರಾವನ್ನೇ ಚಲಿಸುವ ಉಪಾಯವನ್ನು ಒಬ್ಯಾನನ್ನರು ಬಳಸಿದರು. ಮೂರು ವರ್ಷಗಳ ಅನಂತರ, 1977ರ ‘ಸ್ಟಾರ್ ವಾರ್ಸ್’ ಚಿತ್ರದ ಮೂಲಕ ಇಂಥ ದೃಶ್ಯವು ಲೋಕಪ್ರಸಿದ್ಧವಾಯಿತು.

2. ನಿಂತುದು ಯಾವುದು, ಬಿದ್ದುದು ಯಾವುದು

ಆದರೆ ಈ ಚಿತ್ರದ ಉಪಾಯಗಳೆಲ್ಲವೂ ಸಫಲವಾದುವೆಂದು ಹೇಳಲಾಗದು. ನೌಕೆಯಲ್ಲಿ ಸಾಕಿದ ಅನ್ಯಲೋಕದ ಪ್ರಾಣಿಯೊಂದು ಕಥೆಯಲ್ಲಿ ಬರುತ್ತದೆ. ಅದು ಕಡಲತೀರದಲ್ಲಿ ಮಕ್ಕಳು ಆಡುವ ದೊಡ್ಡ ಗಾಳಿಚೆಂಡು. ಅದಕ್ಕೆ ಬಣ್ಣ ಬಳಿದು, ಅಡಿಯಲ್ಲಿ ರಬ್ಬರಿನ ಪಂಜಗಳನ್ನು ಅಂಟಿಸಲಾಗಿತ್ತು. ತೆರೆಯ ಮೇಲೆ ಅದು ಚೆಂಡಾಗಿಯೇ ಕಾಣುತ್ತದೆ. ಚಿತ್ರವು ವಿನೋದಪ್ರಧಾನವಾದುದರಿಂದ ಆ ಕೊರತೆ ಒಂದು ಮಟ್ಟಿಗೆ ಹಾಸ್ಯವಾಗಿ ಸಂದುಹೋಯಿತು. ವಿದ್ಯಾರ್ಥಿ ಚಿತ್ರವಾಗಿ ಅತ್ಯುತ್ತಮವಾಗಬಹುದಾಗಿದ್ದುದು ಚಿತ್ರಮಂದಿರಕ್ಕೆ ಬಂದಾಗ ವೃತ್ತಿಪರ ಚಿತ್ರಗಳ ಸಾಲಿನ ಕೊನೆಯಲ್ಲಿ ನಿಂತಿತೆಂಬ ಅರ್ಥದ ಮಾತನ್ನು ಒಬ್ಯಾನನ್ನರೇ ಮುಂದೆ ಆಡಿದ್ದುಂಟು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದೇ ಕೈ, ಒಂದೇ ಬಡತನ, ಒಂದೇ ಉತ್ಸಾಹ. ಹಾಗಿರುವಾಗ ಲಿಫ್ಟಿನ ಬಾವಿ ಇಂದಿಗೂ ನೋಡುವವರ ಎದೆಯನ್ನು ಝಲ್ಲೆನಿಸುವುದೇಕೆ? ಗಾಳಿಚೆಂಡು ನಗೆ ತರಿಸುವುದೇಕೆ?

ಉತ್ತರವು ಸಾಮಗ್ರಿಯ ಬೆಲೆಯಲ್ಲಿಲ್ಲ. ಮಂಜುಗಡ್ಡೆಯ ತಟ್ಟೆಯೂ ಅಗ್ಗದ್ದೇ, ಚೆಂಡೂ ಅಗ್ಗದ್ದೇ. ಲಿಫ್ಟಿನ ದೃಶ್ಯದಲ್ಲಿ ಒಂದು ನಿಯಮದ ಅರಿವಿದೆ. ಭೂಮಿಯ ಸೆಳೆತವು ಯಾವ ದಿಕ್ಕಿಗಿದೆ ಎಂಬುದನ್ನು ಕ್ಯಾಮರಾ ಅರಿಯದು. ಚೌಕಟ್ಟಿನೊಳಗಿನ ಗುರುತುಗಳಿಂದ ಮಾತ್ರ ನೋಡುವವನು ಅದನ್ನು ಊಹಿಸುತ್ತಾನೆ. ನಕ್ಷತ್ರದ ಗೆರೆಗಳಲ್ಲಿಯೂ ಒಂದು ನಿಯಮವಿದೆ. ತೆರೆದ ಷಟರಿನ ಹಿಂದೆ ಫಿಲ್ಮು ಬೆಳಕನ್ನು ಕೂಡಿಸುತ್ತ ಹೋಗುತ್ತದೆ. ಆದುದರಿಂದ ಚಲಿಸಿದ ಬಿಂದು ಗೆರೆಯಾಗುತ್ತದೆ. ತಟ್ಟೆಯ ಪ್ರಸಂಗದಲ್ಲಿ, ಹಿಂದಿನಿಂದ ಬೆಳಗಿದಾಗ ವಸ್ತುವಿನ ಮೇಲ್ಮೈ ಮರೆಯಾಗಿ ಆಕಾರ ಮಾತ್ರ ಉಳಿಯುತ್ತದೆಂಬ ತಿಳಿವಳಿಕೆಯಿದೆ. ಚೆಂಡಿನ ಪ್ರಸಂಗದಲ್ಲಾದರೋ ಒಂದು ವಸ್ತುವಿನ ಬದಲಿಗೆ ಇನ್ನೊಂದನ್ನು ಇಟ್ಟುದಷ್ಟೇ ಹೊರತು ಯಾವ ನಿಯಮದ ಆಸರೆಯೂ ಇಲ್ಲ. ಅರಿವಿನ ಮೇಲೆ ನಿಂತ ಉಪಾಯ ನಿಂತಿತು; ಬರಿಯ ಬದಲಿಯ ಮೇಲೆ ನಿಂತುದು ಬಿದ್ದಿತು. ಇದೇ ಈ ಪಾಠದ ತಿರುಳು.

3. ಪ್ರಯೋಗಗಳು

ಮುಂದಿನ ಆರು ಪ್ರಯೋಗಗಳನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಉಪಾಧ್ಯಾಯರ ಸಮಕ್ಷಮದಲ್ಲಿ ಮಾಡಬಹುದು. ಕಿಟಕಿಗಳನ್ನು ಮುಚ್ಚಿ ಕತ್ತಲೆ ಮಾಡಬಹುದಾದ ಒಂದು ಕೋಣೆ, ಒಂದು ಮೇಜು, ಕಪ್ಪು ಬಟ್ಟೆ, ಒಂದು ಟಾರ್ಚು, ಮತ್ತು ಚಿತ್ರ ತೆಗೆಯಬಲ್ಲ ಒಂದು ಮೊಬೈಲ್ ಫೋನು ಇದ್ದರೆ ಆರಂಭಕ್ಕೆ ಸಾಕು.

(ಅ) ಸೂರ್ಯನ ಬೆಳಕು

ಅಂತರಿಕ್ಷದಲ್ಲಿ ಗಾಳಿಯಿಲ್ಲ, ಆದುದರಿಂದ ಬೆಳಕನ್ನು ಚೆದುರಿಸುವ ವಸ್ತುವೂ ಇಲ್ಲ. ಬೆಳಕು ಬಿದ್ದ ಭಾಗ ಪ್ರಖರವಾಗಿಯೂ ಬೀಳದ ಭಾಗ ಕಡುಗಪ್ಪಾಗಿಯೂ ಇರುತ್ತದೆ. ಕೋಣೆಯ ಟ್ಯೂಬ್‌ಲೈಟಿನ ಕೆಳಗೆ ಇರಿಸಿದ ನೌಕೆಯ ಪ್ರತಿಕೃತಿಯು ಎಷ್ಟೇ ಅಂದವಾಗಿದ್ದರೂ ಆಟಿಕೆಯಂತೆಯೇ ಕಾಣುತ್ತದೆ. ಏಕೆಂದರೆ ಉದ್ದನೆಯ ದೀಪವು ಮೃದುವಾದ ನೆರಳನ್ನು ಕೊಡುತ್ತದೆ. ಸೂರ್ಯನ ನೆರಳು ಹಾಗಿರುವುದಿಲ್ಲ.

ಭೂಮಿಯಿಂದ ನೋಡಿದಾಗ ಸೂರ್ಯಬಿಂಬವು ಸುಮಾರು ಅರ್ಧ ಡಿಗ್ರಿಯಷ್ಟು ಅಗಲವಾಗಿ ಕಾಣುತ್ತದೆ. ಇದನ್ನು ಕೋಣೆಯೊಳಗೆ ತರುವುದು ಕಠಿನವಲ್ಲ. ಪ್ರತಿಕೃತಿಯಿಂದ ಮೂರು ಮೀಟರ್ ದೂರದಲ್ಲಿ, ಮುಖದ ಅಗಲವು ಸುಮಾರು 2.8 ಸೆಂಟಿಮೀಟರ್ ಇರುವ ಟಾರ್ಚನ್ನಿಟ್ಟರೆ ಅದೂ ಅಷ್ಟೇ ಕೋನವನ್ನು ಆವರಿಸುತ್ತದೆ. ಆಗ ನೆರಳಿನ ಅಂಚು ಸೂರ್ಯನ ನೆರಳಿನ ಅಂಚಿನಷ್ಟೇ ಚೂಪಾಗಿರುವುದು. ದೀಪವನ್ನು ದೂರದಲ್ಲಿಡುವುದರಿಂದ ಇನ್ನೊಂದು ಲಾಭವೂ ಉಂಟು. ಬೆಳಕಿನ ತೀಕ್ಷ್ಣತೆಯು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. 30 ಸೆಂಟಿಮೀಟರ್ ಉದ್ದದ ನೌಕೆಗೆ ಅರ್ಧ ಮೀಟರ್ ದೂರದಿಂದ ಬೆಳಕು ಬಿಟ್ಟರೆ, ಅದರ ಹಿಂತುದಿಗೆ ಮುಂತುದಿಯ ಬೆಳಕಿನ ಐದರಲ್ಲಿ ಎರಡು ಪಾಲು ಮಾತ್ರ ದೊರೆಯುತ್ತದೆ. ಮೂರು ಮೀಟರ್ ದೂರದಿಂದ ಬಿಟ್ಟರೆ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ದೊರೆಯುತ್ತದೆ. ಒಂದೇ ನೌಕೆಯ ಎರಡು ತುದಿಗಳಲ್ಲಿ ಬೆಳಕು ಭಿನ್ನವಾಗಿದ್ದರೆ ಅದು ಸೂರ್ಯನ ಬೆಳಕಲ್ಲವೆಂದು ಕಣ್ಣು ಒಡನೆಯೇ ಕಂಡುಹಿಡಿಯುತ್ತದೆ. ಪ್ರತಿಕೃತಿಯ ಸುತ್ತಲೂ ಕಪ್ಪು ಬಟ್ಟೆಯನ್ನು ಇಳಿಬಿಡುವುದು ಅವಶ್ಯ. ಬಿಳಿಯ ಗೋಡೆಯಿಂದ ಹಿಂದಿರುಗಿದ ಬೆಳಕೂ ನೆರಳನ್ನು ತಿಳಿಗೊಳಿಸಿ ಗುಟ್ಟನ್ನು ಬಯಲು ಮಾಡುತ್ತದೆ.

(ಆ) ನಕ್ಷತ್ರಗಳು

ದಪ್ಪನೆಯ ಕಪ್ಪು ರಟ್ಟಿಗೆ ಸೂಜಿಯಿಂದ ರಂಧ್ರಗಳನ್ನು ಮಾಡಿ ಹಿಂದೆ ದೀಪವನ್ನಿಟ್ಟರೆ ನಕ್ಷತ್ರಮಂಡಲ ಸಿದ್ಧವಾಗುತ್ತದೆ. ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ರಂಧ್ರಗಳನ್ನು ಸಮದೂರದಲ್ಲಿ, ಒಂದೇ ಗಾತ್ರದಲ್ಲಿ ಚುಚ್ಚುವುದು. ನಿಜವಾದ ಆಕಾಶದಲ್ಲಿ ಮಂಕು ನಕ್ಷತ್ರಗಳು ಬಹಳ, ಉಜ್ವಲವಾದುವು ಕೆಲವೇ. ಆದುದರಿಂದ ಒಂದು ರಾತ್ರಿ ಮಹಾವ್ಯಾಧ ನಕ್ಷತ್ರಪುಂಜವನ್ನು ಕಣ್ಣಾರೆ ನೋಡಿ, ಅದರಂತೆಯೇ ರಟ್ಟನ್ನು ಚುಚ್ಚುವುದು ಮೇಲು. ಆರ್ದ್ರಾ ನಕ್ಷತ್ರವು ಕೆಂಪಾಗಿಯೂ ರೀಗೆಲ್ ನಕ್ಷತ್ರವು ನೀಲಿಬೆರೆತ ಬಿಳುಪಾಗಿಯೂ ಇರುವುದನ್ನು ಕಂಡವರು ಆ ರಂಧ್ರಗಳ ಹಿಂದೆ ಬಣ್ಣದ ತೆಳುಹಾಳೆಯನ್ನು ತಾವಾಗಿಯೇ ಅಂಟಿಸುತ್ತಾರೆ. ಮಿನುಗುವಂತೆ ಮಾಡಲು ಮಾತ್ರ ಯತ್ನಿಸಬಾರದು. ನಕ್ಷತ್ರಗಳನ್ನು ಮಿನುಗಿಸುವುದು ಭೂಮಿಯ ವಾತಾವರಣ. ಅದರಾಚೆಗೆ ಅವು ನಿಶ್ಚಲವಾದ ಬಿಂದುಗಳು.

ಇನ್ನೊಂದು ಸೂಕ್ಷ್ಮವಿದೆ. ಬಿಸಿಲು ಬಿದ್ದ ನೌಕೆಯೂ ನಕ್ಷತ್ರಗಳೂ ಒಂದೇ ಚಿತ್ರದಲ್ಲಿ ಕಾಣುವುದು ವಾಸ್ತವದಲ್ಲಿ ಅಸಾಧ್ಯಪ್ರಾಯ. 1969ರಿಂದ 1972ರವರೆಗೆ ಚಂದ್ರನ ಮೇಲೆ ಇಳಿದವರು ಹಗಲಿನಲ್ಲಿ ತೆಗೆದ ಚಿತ್ರಗಳಲ್ಲಿ ಆಕಾಶವು ಬರಿಯ ಕಪ್ಪಾಗಿದೆ. ಅಂಥ ಪ್ರಖರ ಬಿಸಿಲಿಗೆ ಷಟರನ್ನು ಸೆಕೆಂಡಿನ 250ನೆಯ ಒಂದು ಭಾಗದಷ್ಟು ಕಾಲ ತೆರೆದರೆ ಸಾಕಾಗುತ್ತದೆ. ನಕ್ಷತ್ರದ ಕ್ಷೀಣ ಬೆಳಕು ಅಷ್ಟರಲ್ಲಿ ಫಿಲ್ಮಿನ ಮೇಲೆ ಮೂಡದು. ಚಲನಚಿತ್ರಗಳಲ್ಲಿ ಇವೆರಡನ್ನೂ ಒಟ್ಟಿಗೆ ತೋರಿಸುವುದು ಒಂದು ಬಗೆಯ ಕವಿಸಮಯ. ಅದನ್ನು ಬಳಸಿದರೆ ದೋಷವಿಲ್ಲ. ಆದರೆ ಅದು ಕವಿಸಮಯವೆಂಬುದು ಬಳಸುವವನಿಗೆ ತಿಳಿದಿರಬೇಕು.

ನಕ್ಷತ್ರಗಳನ್ನು ಗೆರೆಗಳಾಗಿಸುವ ಒಬ್ಯಾನನ್ನರ ಉಪಾಯವನ್ನೂ ಇಲ್ಲಿಯೇ ಮಾಡಿ ನೋಡಬಹುದು. ಷಟರನ್ನು ಎರಡು ಸೆಕೆಂಡು ತೆರೆದಿಡುವ ಅನುಕೂಲವಿರುವ ಕ್ಯಾಮರಾವನ್ನು ನೇರವಾದ ಹಲಗೆಯ ಮೇಲೆ ರಟ್ಟಿನ ಕಡೆಗೆ ಮೆಲ್ಲನೆ ಸರಿಸಬೇಕು. ನಡುವಿನ ನಕ್ಷತ್ರವು ಬಿಂದುವಾಗಿಯೇ ಉಳಿದು, ಅಂಚಿನವು ಉದ್ದವಾದ ಗೆರೆಗಳಾಗುತ್ತವೆ. ನೇರ ಎದುರಿಗಿರುವ ಬಿಂದುವಿನ ದಿಕ್ಕು ಬದಲಾಗುವುದಿಲ್ಲ, ಪಕ್ಕದಲ್ಲಿರುವುದರ ದಿಕ್ಕು ಬದಲಾಗುತ್ತದೆ ಎಂಬ ರೇಖಾಗಣಿತದ ಸತ್ಯವು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

(ಇ) ಗಾತ್ರ ಮತ್ತು ಕಾಲ

ಚಿಕ್ಕ ಪ್ರತಿಕೃತಿಯನ್ನು ದೊಡ್ಡದೆಂದು ನಂಬಿಸುವುದರಲ್ಲಿ ಕಾಲದ ಪಾತ್ರ ಮುಖ್ಯವಾದುದು. 20 ಮೀಟರ್ ಎತ್ತರದಿಂದ ಬಿದ್ದ ಕಲ್ಲು ನೆಲ ಮುಟ್ಟಲು ಸುಮಾರು ಎರಡು ಸೆಕೆಂಡು ಬೇಕು. ಅದೇ ದೃಶ್ಯವನ್ನು 25ನೆಯ ಒಂದು ಪಾಲಿನ ಪ್ರತಿಕೃತಿಯಲ್ಲಿ ಮಾಡಿದರೆ ಎತ್ತರವು 80 ಸೆಂಟಿಮೀಟರಿಗೆ ಇಳಿಯುತ್ತದೆ; ಬೀಳುವ ಕಾಲ ಮಾತ್ರ 25ನೆಯ ಒಂದು ಪಾಲಾಗದೆ ಐದನೆಯ ಒಂದು ಪಾಲಾಗುತ್ತದೆ, ಎಂದರೆ 0.4 ಸೆಕೆಂಡು. ಬೀಳುವ ಕಾಲವು ಎತ್ತರದ ವರ್ಗಮೂಲವನ್ನು ಅನುಸರಿಸುವುದೇ ಇದಕ್ಕೆ ಕಾರಣ. ಆದುದರಿಂದ ಸೆಕೆಂಡಿಗೆ 24ರ ಬದಲು ಅದರ ಐದು ಪಟ್ಟು, ಅಂದರೆ 120 ಚಿತ್ರಗಳನ್ನು ತೆಗೆದು, 24ರಂತೆ ಪ್ರದರ್ಶಿಸಿದರೆ ಬೀಳುವಿಕೆಯು ನಿಜವಾದ ಗಾತ್ರಕ್ಕೆ ಒಪ್ಪುವಂತೆ ಕಾಣುತ್ತದೆ. ಹಿಂದೆ ದುಬಾರಿ ಯಂತ್ರಗಳಿಂದ ಮಾತ್ರ ಸಾಧ್ಯವಾಗಿದ್ದ ಈ ವೇಗ ಇಂದು ಅನೇಕ ಮೊಬೈಲ್ ಫೋನುಗಳಲ್ಲಿಯೇ ಇದೆ.

ಇದೇ ಲೆಕ್ಕದಿಂದ ಚಂದ್ರನ ಮೇಲಿನ ನೆಗೆತವನ್ನೂ ತೋರಿಸಬಹುದು. ಅಲ್ಲಿಯ ಗುರುತ್ವವು ಭೂಮಿಯದರ ಆರನೆಯ ಒಂದು ಪಾಲು. ಆರರ ವರ್ಗಮೂಲ ಸುಮಾರು 2.45. ಸೆಕೆಂಡಿಗೆ 60 ಚಿತ್ರಗಳಂತೆ ತೆಗೆದು 24ರಂತೆ ತೋರಿಸಿದರೆ ಕಾಲವು ಎರಡೂವರೆ ಪಟ್ಟು ಹಿಗ್ಗಿ, ಬೀಳುವಿಕೆಯು ಚಂದ್ರನ ಮೇಲಿನದಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ವರ್ಗಮೂಲದಿಂದ ಏನು ಪ್ರಯೋಜನವೆಂದು ಕೇಳುವ ಬಾಲಕನಿಗೆ ಇದಕ್ಕಿಂತ ರುಚಿಕರವಾದ ಉತ್ತರ ದೊರೆಯಲಾರದು.

ಗಾತ್ರದ ಗುಟ್ಟನ್ನು ರಟ್ಟು ಮಾಡುವ ಇನ್ನೊಂದು ದೋಷವೆಂದರೆ ಮಸುಕು. ಹತ್ತಿರದ ವಸ್ತುವನ್ನು ಚಿತ್ರಿಸುವಾಗ ಅದರ ಒಂದು ಭಾಗ ಮಾತ್ರ ಸ್ಪಷ್ಟವಾಗಿದ್ದು ಉಳಿದುದು ಮಸುಕಾಗುತ್ತದೆ. ಮಸೂರದ ರಂಧ್ರವನ್ನು ಕಿರಿದುಗೊಳಿಸಿ ಷಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಈ ದೋಷ ನಿವಾರಣೆಯಾಗುತ್ತದೆ. ಕ್ಯೂಬ್ರಿಕರ ತಂಡವು ಸುಮಾರು 54 ಅಡಿ ಉದ್ದದ ನೌಕೆಯ ಪ್ರತಿಕೃತಿಯನ್ನು ಚಿತ್ರಿಸಿದಾಗ ಅನುಸರಿಸಿದುದೂ ಇದೇ ಮಾರ್ಗವನ್ನು. ಚಿತ್ರದಿಂದ ಚಿತ್ರಕ್ಕೆ ಕಣ್ಣಿಗೆ ಕಾಣದಷ್ಟು ಮೆಲ್ಲನೆಯ ಚಲನೆ, ಪ್ರತಿಯೊಂದು ಚಿತ್ರಕ್ಕೂ ದೀರ್ಘಕಾಲದ ಬೆಳಕು. ಹಣವಿದ್ದವರಿಗೂ ಇಲ್ಲದವರಿಗೂ ದೃಗ್ವಿಜ್ಞಾನದ ನಿಯಮ ಒಂದೇ.

(ಈ) ಭಾರವಿಲ್ಲದ ಸ್ಥಿತಿ

‘2001’ ಚಿತ್ರದಲ್ಲಿ ನಿದ್ರಿಸುತ್ತಿರುವ ಯಾತ್ರಿಕನ ಕೈಯಿಂದ ಜಾರಿದ ಲೇಖನಿಯೊಂದು ಗಾಳಿಯಲ್ಲಿ ತೇಲುತ್ತದೆ. ಪರಿಚಾರಿಕೆಯು ಅದನ್ನು ಹಿಡಿದು ಅವನ ಜೇಬಿಗೆ ಸೇರಿಸುತ್ತಾಳೆ. ಅಷ್ಟು ವೆಚ್ಚದ ಚಿತ್ರದಲ್ಲಿ ಈ ದೃಶ್ಯಕ್ಕೆ ಬಳಸಿದುದು ಒಂದು ದೊಡ್ಡ ಗಾಜಿನ ಹಾಳೆ ಮತ್ತು ಎರಡೂ ಕಡೆ ಅಂಟುವ ಪಟ್ಟಿ. ಲೇಖನಿಯನ್ನು ಗಾಜಿಗೆ ಅಂಟಿಸಿ ಗಾಜನ್ನೇ ಮೆಲ್ಲನೆ ತಿರುಗಿಸಲಾಯಿತು. ನಟಿಯು ಲೇಖನಿಯನ್ನು ಗಾಜಿನಿಂದ ಕಿತ್ತುಕೊಂಡಳು. ಶಾಲೆಯಲ್ಲಿ ಗಾಜಿನ ಬದಲು ಪಾರದರ್ಶಕವಾದ ಅಕ್ರಿಲಿಕ್ ಹಾಳೆಯನ್ನು ಬಳಸುವುದು ಕ್ಷೇಮ. ಹಾಳೆಯಲ್ಲಿ ದೀಪದ ಪ್ರತಿಬಿಂಬ ಮೂಡದಂತೆ ದೀಪವನ್ನು ಪಕ್ಕಕ್ಕಿಟ್ಟು, ಕ್ಯಾಮರಾದ ಹಿಂದೆ ಕಪ್ಪು ಬಟ್ಟೆಯನ್ನು ಕಟ್ಟಬೇಕು. ಬೆಳಕಿನ ಪತನಕೋನ ಮತ್ತು ಪ್ರತಿಫಲನಕೋನಗಳ ಪಾಠವು ಇಲ್ಲಿ ಅನಾಯಾಸವಾಗಿ ಸಿದ್ಧಿಸುತ್ತದೆ.

ಅದೇ ಚಿತ್ರದಲ್ಲಿ ಯಾತ್ರಿಕನು ನೌಕೆಯ ಹೊರಗೆ ತೇಲುವುದನ್ನು ತೋರಿಸುವಾಗ ಅವನನ್ನು ಮೇಲಿನಿಂದ ತಂತಿಯಲ್ಲಿ ತೂಗುಹಾಕಿ, ಕ್ಯಾಮರಾವನ್ನು ನೇರ ಕೆಳಗಿಡಲಾಗಿತ್ತು. ತಂತಿಯು ಅವನ ದೇಹದ ಹಿಂದೆಯೇ ಮರೆಯಾಯಿತು. ವಿದ್ಯಾರ್ಥಿಗಳನ್ನು ತೂಗುಹಾಕುವುದು ಸರ್ವಥಾ ಕೂಡದು. ಆದರೆ ಒಂದು ಬೊಂಬೆಯನ್ನು ಕಪ್ಪು ದಾರದಲ್ಲಿ ಕಟ್ಟಿ, ನೆಲದ ಮೇಲೆ ಮಲಗಿಸಿದ ಕ್ಯಾಮರಾದಿಂದ ಚಿತ್ರಿಸಿದರೆ ಅದೇ ಫಲ ದೊರೆಯುತ್ತದೆ.

(ಉ) ಚಂದ್ರನ ನೆಲ

ಜರಡಿ ಹಿಡಿದ ಒಲೆಯ ಬೂದಿಯನ್ನು ಅಗಲವಾದ ತಟ್ಟೆಯಲ್ಲಿ ನಾಲ್ಕು ಬೆರಳಿನಷ್ಟು ದಪ್ಪಕ್ಕೆ ಹರಡಿ, ಬೇರೆ ಬೇರೆ ಗಾತ್ರದ ಗೋಲಿಗಳನ್ನು ಬೇರೆ ಬೇರೆ ಎತ್ತರಗಳಿಂದ ಬೀಳಿಸಿದರೆ ಚಂದ್ರನ ಕುಳಿಗಳಂತೆಯೇ ಕುಳಿಗಳೂ ಅಂಚುಗಳೂ ಮೂಡುತ್ತವೆ. ಪಕ್ಕದಿಂದ, ನೆಲಮಟ್ಟದಲ್ಲಿ ಟಾರ್ಚಿನ ಬೆಳಕು ಬಿಟ್ಟರೆ ನೆರಳುಗಳು ಉದ್ದವಾಗಿ ಚಾಚಿ ದೃಶ್ಯಕ್ಕೆ ಗಾಂಭೀರ್ಯ ಬರುತ್ತದೆ. ಮಾದರಿಗಾಗಿ ದೂರ ಹುಡುಕಬೇಕಾದುದಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ನೌಕೆಯು ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಅದರ ಕಾರ್ಯವನ್ನು ನಡೆಸಲಾಯಿತು. ವಿಕ್ರಮ್ ಮತ್ತು ಪ್ರಜ್ಞಾನ್ ಕಳುಹಿಸಿದ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಬೂದಿಯ ನೆಲವನ್ನು ಅವಕ್ಕೆ ಹೋಲಿಸುತ್ತ ತಿದ್ದುವುದು ಉತ್ತಮವಾದ ಅಭ್ಯಾಸ.

ಆದರೆ ಆ ನೆಲದ ಮೇಲೆ ಬೊಂಬೆಯ ವಾಹನವನ್ನು ಓಡಿಸಿದೊಡನೆ ಒಂದು ತೊಡಕು ಎದುರಾಗುತ್ತದೆ. ಬೂದಿಯು ಮೋಡದಂತೆ ಎದ್ದು ಗಾಳಿಯಲ್ಲಿ ನಿಂತುಬಿಡುತ್ತದೆ. 1972ರ ಏಪ್ರಿಲಿನಲ್ಲಿ ಅಪೊಲೊ-16ರ ಯಾತ್ರಿಕರು ಚಂದ್ರನ ಮೇಲೆ ವಾಹನ ಓಡಿಸಿದಾಗ ತೆಗೆದ ಚಲನಚಿತ್ರದಲ್ಲಿ ಹೀಗಾಗುವುದಿಲ್ಲ. ಗಾಲಿಯಿಂದ ಎದ್ದ ಧೂಳಿನ ಪ್ರತಿಯೊಂದು ಕಣವೂ ಎಸೆದ ಕಲ್ಲಿನಂತೆ ಕಮಾನಾಗಿ ಚಿಮ್ಮಿ ನೆಲಕ್ಕೆ ಬೀಳುತ್ತದೆ. ಅಲ್ಲಿ ಅದನ್ನು ತಡೆದು ತೇಲಿಸುವ ಗಾಳಿಯಿಲ್ಲ. ಬೂದಿಯ ಬದಲು ತೊಳೆದು ಒಣಗಿಸಿದ ಮರಳನ್ನು ಗಾಲಿಯ ಕೆಳಗೆ ಹರಡಿದರೆ ದೋಷವು ಕಡಿಮೆಯಾಗುತ್ತದೆ, ಪೂರ್ಣವಾಗಿ ಹೋಗದು. ಈ ಸೋಲನ್ನು ವಿದ್ಯಾರ್ಥಿಗಳು ಅನುಭವಿಸಲೇಬೇಕು. ಅದರ ಬೆಲೆ ಏನೆಂಬುದು ಮುಂದೆ ಸ್ಪಷ್ಟವಾಗುತ್ತದೆ.

(ಊ) ನೀಹಾರಿಕೆ

ಗಾಜಿನ ಮೀನಿನ ತೊಟ್ಟಿಯ ಅರ್ಧಕ್ಕೆ, ಲೀಟರಿಗೆ ನೂರು ಗ್ರಾಂ ಉಪ್ಪು ಕರಗಿಸಿದ ನೀರನ್ನು ತುಂಬಬೇಕು. ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಸಿಹಿನೀರನ್ನು ಮೆಲ್ಲನೆ ಸುರಿದು, ಹಾಳೆಯನ್ನು ನಿಧಾನವಾಗಿ ಎಳೆದುಕೊಳ್ಳಬೇಕು. ಎರಡು ನೀರುಗಳೂ ಬೆರೆಯದೆ ಒಂದರ ಮೇಲೊಂದು ನಿಲ್ಲುತ್ತವೆ. ಸೂಜಿಯಿಲ್ಲದ ಪಿಚಕಾರಿಯಿಂದ ಸ್ವಲ್ಪ ಹಾಲನ್ನು ಮೇಲಿನ ನೀರಿನೊಳಗೆ ಬಿಟ್ಟರೆ ಅದು ಇಳಿಯುತ್ತ ಬಂದು ಉಪ್ಪುನೀರಿನ ಮೇಲೆ ತಡೆದುನಿಂತು, ಮೋಡದಂತೆ ಹರಡಿಕೊಳ್ಳುತ್ತದೆ. ಹಾಲು ಸಿಹಿನೀರಿಗಿಂತ ಸಾಂದ್ರ, ಈ ಉಪ್ಪುನೀರಿಗಿಂತ ವಿರಳ. ಹಿಂದೆ ಕಪ್ಪು ಬಟ್ಟೆ, ಪಕ್ಕದಲ್ಲಿ ಬಣ್ಣದ ದೀಪವಿದ್ದರೆ ಆ ಮೋಡವು ನಕ್ಷತ್ರಗಳ ನಡುವಿನ ನೀಹಾರಿಕೆಯೇ ಆಗಿ ತೋರುತ್ತದೆ. 1977ರ ‘ಕ್ಲೋಸ್ ಎನ್‌ಕೌಂಟರ್ಸ್’ ಚಿತ್ರದಲ್ಲಿ ಆಕಾಶಯಾನಗಳನ್ನು ಮರೆಮಾಡುವ ಮೋಡಗಳನ್ನು ಡಗ್ಲಸ್ ಟ್ರಂಬುಲ್ಲರ ತಂಡವು ಇಂಥ ತೊಟ್ಟಿಯಲ್ಲಿಯೇ, ಬಿಳಿಯ ಬಣ್ಣವನ್ನು ಬಿಟ್ಟು ನಿರ್ಮಿಸಿತ್ತು. ಗಣಕಯಂತ್ರಗಳು ಎಲ್ಲವನ್ನೂ ಮಾಡಬಲ್ಲ ಕಾಲ ಬಂದ ಮೇಲೂ, 2006ರ ‘ದಿ ಫೌಂಟನ್’ ಚಿತ್ರದ ಆಕಾಶದೃಶ್ಯಗಳಿಗೆ ಪೀಟರ್ ಪಾರ್ಕ್ಸ್ ಅವರು ಪುಟ್ಟ ಗಾಜಿನ ತಟ್ಟೆಗಳಲ್ಲಿ ನಡೆದ ರಾಸಾಯನಿಕ ಕ್ರಿಯೆಗಳ ಸೂಕ್ಷ್ಮ ಚಿತ್ರಣವನ್ನು ಒದಗಿಸಿದರು.

4. ಕೆಲವು ಎಚ್ಚರಿಕೆಗಳು

ಸ್ಫೋಟದ ದೃಶ್ಯಕ್ಕಾಗಿ ಪಟಾಕಿ ಮದ್ದನ್ನು ಮುಟ್ಟಬಾರದು. ಬೂದಿ, ಸಿಮೆಂಟು ಮೊದಲಾದ ನಯವಾದ ಪುಡಿಗಳು ಶ್ವಾಸಕೋಶಕ್ಕೆ ಹಾನಿಕರ. ಸಿಮೆಂಟನ್ನು ಬಿಡುವುದೇ ಲೇಸು, ಬೂದಿಯನ್ನು ಬಳಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಥರ್ಮೋಕೋಲಿನ ಮೇಲೆ ಸಿಂಪಡಿಸುವ ಬಣ್ಣವನ್ನು ಹಾಕಿದರೆ ಅದು ಕರಗಿಹೋಗಬಹುದು. ನೀರಿನಲ್ಲಿ ಕದಡಿದ ಬಣ್ಣವೇ ಯೋಗ್ಯ. ನೀರಿನ ತೊಟ್ಟಿಯ ಬಳಿ ಬ್ಯಾಟರಿಯ ದೀಪವನ್ನಲ್ಲದೆ ವಿದ್ಯುತ್ ದೀಪವನ್ನು ಇಡಬಾರದು. ಸೂರ್ಯನನ್ನು ಕಣ್ಣಿನಿಂದಾಗಲಿ ಮಸೂರದಿಂದಾಗಲಿ ನೇರವಾಗಿ ನೋಡಬಾರದು.

5. ಇದರಿಂದ ಶಾಲೆಗೇನು?

ಇವೆಲ್ಲವೂ ಮಕ್ಕಳಾಟವಲ್ಲವೇ, ಪರೀಕ್ಷೆಗೆ ಸಿದ್ಧವಾಗಬೇಕಾದ ಹೊತ್ತನ್ನು ಬೂದಿಯಲ್ಲಿ ಗೋಲಿ ಬೀಳಿಸುತ್ತ ಕಳೆಯುವುದು ಯುಕ್ತವೇ ಎಂದು ಹಿರಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು, ಸೋಲಿನಿಂದ ಬರುವ ವಿದ್ಯೆ. ಗಾಳಿಚೆಂಡಿನ ಪ್ರಾಣಿಯಿಂದ ನಗೆಪಾಟಲಾದ ಒಬ್ಯಾನನ್ನರು ಅದನ್ನು ಮರೆಯಲಿಲ್ಲ. ನಗಿಸಹೋಗಿ ಸೋತ ಪ್ರಸಂಗವನ್ನೇ ಹೆದರಿಸುವ ಕಥೆಯಾಗಿ ಮರಳಿ ಯೋಚಿಸಿದರು. 1979ರ ‘ಏಲಿಯನ್’ ಚಿತ್ರದ ಚಿತ್ರಕಥೆ ಅದರಿಂದ ಮೂಡಿತು. ಆ ಚಿತ್ರದ ದೃಶ್ಯಚಮತ್ಕಾರಗಳಿಗೆ ಆಸ್ಕರ್ ಪ್ರಶಸ್ತಿಯೂ ಸಂದಿತು. ‘ಡಾರ್ಕ್ ಸ್ಟಾರ್’ ನೌಕೆಯ ವಿನ್ಯಾಸವನ್ನು ಬರೆದ ರಾನ್ ಕಾಬ್ ಅವರು ‘ಏಲಿಯನ್’ ಚಿತ್ರದ ನೌಕೆಯ ವಿನ್ಯಾಸದಲ್ಲಿಯೂ ಪಾಲುಗೊಂಡರು; ಪ್ರತಿಕೃತಿಯನ್ನು ಕಟ್ಟಲು ನೆರವಾದ ಗ್ರೆಗ್ ಜೈನ್ ಅವರು ‘ಕ್ಲೋಸ್ ಎನ್‌ಕೌಂಟರ್ಸ್’ ಚಿತ್ರದ ಮಹಾನೌಕೆಯ ಪ್ರತಿಕೃತಿಯನ್ನು ರೂಪಿಸಿದರು. ಆರು ಸಾವಿರ ಡಾಲರಿನ ವಿದ್ಯಾರ್ಥಿ ಚಿತ್ರವೊಂದು ಅವರೆಲ್ಲರ ಪಾಲಿಗೆ ಕೈಗಳನ್ನು ಪಳಗಿಸಿದ ಗರಡಿಯಾಯಿತು. ಸೋಲಲು ಅವಕಾಶವಿರುವ ಒಂದು ಕೋಣೆಯನ್ನು ಒದಗಿಸುವುದು ವಿದ್ಯಾಸಂಸ್ಥೆಯೊಂದು ಮಾಡಬಹುದಾದ ದೊಡ್ಡ ಉಪಕಾರ. ಅದಕ್ಕೆ ಬೆಲೆಬಾಳುವ ಯಂತ್ರಗಳು ಬೇಕಾಗಿಲ್ಲ. ಬೇಕಾದುದು ಕತ್ತಲೆಯ ಒಂದು ಕೋಣೆ, ವಾರಕ್ಕೆ ಎರಡು ಗಂಟೆಯ ಬಿಡುವು, ಮತ್ತು ‘ಹೀಗೇಕಾಯಿತು?’ ಎಂದು ಮಗುವಿನ ಜೊತೆ ನಿಂತು ಕೇಳುವ ಒಬ್ಬ ಉಪಾಧ್ಯಾಯ. ದಾನಿಗಳ ಉದಾರ ಹಸ್ತವು ಕಟ್ಟಡದ ಜೊತೆಗೆ ಇಂಥ ಚಿಕ್ಕ ಅನುಕೂಲಗಳ ಕಡೆಗೂ ಚಾಚಿದರೆ ಅದರ ಫಲ ದೂರಗಾಮಿಯಾದುದು.

ಎರಡನೆಯ ಉತ್ತರ ಇನ್ನೂ ಗಂಭೀರವಾದುದು. ಮಾನವನು ಚಂದ್ರನ ಮೇಲೆ ಇಳಿಯಲೇ ಇಲ್ಲ, ಅದೆಲ್ಲ ಚಿತ್ರಶಾಲೆಯಲ್ಲಿ ತೆಗೆದ ನಾಟಕವೆಂಬ ವದಂತಿಯೊಂದು ದಶಕಗಳಿಂದ ಹರಿದಾಡುತ್ತಿದೆ. ಆಕಾಶದಲ್ಲಿ ನಕ್ಷತ್ರಗಳಿಲ್ಲದಿರುವುದೇ ಅದಕ್ಕೆ ಸಾಕ್ಷಿಯೆಂದು ಹೇಳುವವರಿದ್ದಾರೆ. ಪುಸ್ತಕದಿಂದ ಮಾತ್ರ ಕಲಿತ ವಿದ್ಯಾರ್ಥಿಯು ಈ ಮಾತಿನ ಮುಂದೆ ತಬ್ಬಿಬ್ಬಾಗುತ್ತಾನೆ. ಬಿಸಿಲು ಬಿದ್ದ ಪ್ರತಿಕೃತಿಯನ್ನೂ ಸೂಜಿರಂಧ್ರದ ನಕ್ಷತ್ರಗಳನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಹೆಣಗಿದವನು ತಬ್ಬಿಬ್ಬಾಗುವುದಿಲ್ಲ. ನಿಧಾನಗತಿಯಿಂ‍ದ ಚಂದ್ರನ ಗುರುತ್ವವನ್ನು ಅನುಕರಿಸಬಹುದೆಂಬುದು ಅವನಿಗೆ ಗೊತ್ತು. ಬೂದಿಯ ಮೋಡವನ್ನು ಮಾತ್ರ ಅಡಗಿಸಲಾಗದೆಂಬುದೂ ಗೊತ್ತು. ಧೂಳಿನ ಕಣಗಳು ತೇಲದೆ ಕಮಾನಾಗಿ ಬೀಳಬೇಕಾದರೆ ಗಾಳಿಯನ್ನೇ ಹೊರಹಾಕಿದ ಮೈದಾನದಷ್ಟು ದೊಡ್ಡ ಸಭಾಂಗಣ ಬೇಕು. ತಾನು ಸೋತ ಜಾಗದಲ್ಲಿಯೇ ಸತ್ಯದ ಗುರುತನ್ನು ಅವನು ಕಾಣುತ್ತಾನೆ. 1969ರಲ್ಲಿ ಅಲ್ಲಿ ಇರಿಸಿದ ಪ್ರತಿಫಲಕದಿಂದ ಲೇಸರ್ ಕಿರಣಗಳು ಇಂದಿಗೂ ಹಿಂದಿರುಗುತ್ತವೆಂಬ ಸಂಗತಿಯನ್ನು ಅವನಿಗೆ ಆಮೇಲೆ ಹೇಳಬಹುದು. ಅಷ್ಟರಲ್ಲಿ ಅವನ ಕಣ್ಣು ಅರ್ಧ ವಾದವನ್ನು ಗೆದ್ದಿರುತ್ತದೆ.

ಇಂದು ನಡೆಯದ ಘಟನೆಯ ಚಿತ್ರವನ್ನೂ ಆಡದ ಮಾತಿನ ದೃಶ್ಯವನ್ನೂ ಗಣಕಯಂತ್ರವು ಕ್ಷಣಮಾತ್ರದಲ್ಲಿ ಸೃಷ್ಟಿಸಿಕೊಡುತ್ತದೆ. ಅಂಥ ಚಿತ್ರಗಳು ಪ್ರತಿಯೊಬ್ಬ ವಿದ್ಯಾರ್ಥಿಯ ಅಂಗೈಗೆ ದಿನವೂ ಬಂದು ಬೀಳುತ್ತಿವೆ. ಅವುಗಳನ್ನು ತಡೆಯುವುದು ಶಾಲೆಯ ಶಕ್ತಿಗೆ ಮೀರಿದುದು. ನೋಡುವ ಕಣ್ಣನ್ನು ಸಿದ್ಧಗೊಳಿಸುವುದು ಅದರ ಶಕ್ತಿಗೆ ಒಳಪಟ್ಟುದು. ನೆರಳು ಬೆಳಕಿಗೆ ಒಪ್ಪುತ್ತದೆಯೇ, ಬೀಳುವ ವಸ್ತುವಿನ ವೇಗ ಅದರ ಗಾತ್ರಕ್ಕೆ ಒಪ್ಪುತ್ತದೆಯೇ, ಪ್ರತಿಬಿಂಬವು ಇರಬೇಕಾದಲ್ಲಿ ಇದೆಯೇ ಎಂದು ಕೇಳುವ ಅಭ್ಯಾಸವು ಉಪದೇಶದಿಂದ ಬರುವುದಿಲ್ಲ. ಒಮ್ಮೆಯಾದರೂ ತನ್ನ ಕೈಯಿಂದಲೇ ಒಂದು ಮಿಥ್ಯೆಯನ್ನು ಪ್ರಾಮಾಣಿಕವಾಗಿ ಕಟ್ಟಿ ನೋಡಿದವನಿಗೆ ಬರುತ್ತದೆ.

ಕತ್ತಲೆಯ ಕೋಣೆಯಲ್ಲಿ ರಟ್ಟಿನ ಆಕಾಶವನ್ನು ಕಟ್ಟಿದ ಬಾಲಕರು ಕೆಲಸ ಮುಗಿದ ಮೇಲೆ ಬಾಗಿಲು ತೆರೆದು ಹೊರಗೆ ಬರುತ್ತಾರೆ. ತಲೆಯೆತ್ತಿ ನಿಜವಾದ ಮಹಾವ್ಯಾಧನನ್ನು ನೋಡುತ್ತಾರೆ. ತಮ್ಮ ಆರ್ದ್ರಾ ನಕ್ಷತ್ರದ ಕೆಂಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ವಾದಿಸುತ್ತಾರೆ. ‘ಪರಾಂಬರಿಸಿ ನೋಡು’ ಎಂಬ ಹಿರಿಯರ ಮಾತಿಗೆ ಅದಕ್ಕಿಂತ ಒಳ್ಳೆಯ ವಿಧೇಯತೆ ಬೇರೊಂದಿರಲಾರದು.